ಗಂಟೆ ಬಾರಿಸದ ಶುಕ್ರವಾರ: ಶ್ರೀರಾಂಪುರದಲ್ಲಿ ಒಂದು ಸುತ್ತು

ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ನಾವೆಲ್ಲ ಹುಡುಕೋದು ಏನನ್ನ? ಲಾಂಗ್ ವೀಕೆಂಡ್! ಆ ಪಟ್ಟಿಯಲ್ಲಿ ಎಂದೂ ಕೈಕೊಡದ ಹೆಸರು ಗುಡ್ ಫ್ರೈಡೇ. ಬೇರೆ ಹಬ್ಬಗಳು ಭಾನುವಾರಕ್ಕೆ ಬಿದ್ದು ಹೊಟ್ಟೆ ಉರಿಸಬಹುದು, ಇದು ಮಾತ್ರ ಶುಕ್ರವಾರ ಬಿಟ್ಟು ಕದಲಲ್ಲ. ಗುರುವಾರ ರಾತ್ರಿ ಮೆಜೆಸ್ಟಿಕ್ ತುಂಬಿ ತುಳುಕುತ್ತೆ. ಚಿಕ್ಕಮಗಳೂರು, ಕೊಡಗು, ಗೋಕರ್ಣ ಅಂತ ಅರ್ಧ ಬೆಂಗಳೂರು ಬಸ್ ಹತ್ತಿರುತ್ತೆ.

ಆದರೆ ಈ ರಜೆ ಯಾಕೆ ಕೊಟ್ಟಿದ್ದಾರೆ, ಅದನ್ನು ಆಚರಿಸುವವರು ಅವತ್ತು ಏನು ಮಾಡ್ತಾರೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದನ್ನು ನೋಡಬೇಕು ಅಂತಲೇ ಕಳೆದ ಬಾರಿ ನಾನು ಊರು ಬಿಡಲಿಲ್ಲ. ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್ ಮೆಟ್ರೊ ಹತ್ತಿ ಶ್ರೀರಾಂಪುರದಲ್ಲಿ ಇಳಿದೆ.

ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಶ್ರೀರಾಂಪುರ ಅಂದ್ರೆ ಮಚ್ಚು, ಲಾಂಗು. ಆ ಇಮೇಜು ಪಕ್ಕಕ್ಕಿಡಿ. ಒಂದು ಕಡೆ ಮಲ್ಲೇಶ್ವರಂ, ಇನ್ನೊಂದು ಕಡೆ ರಾಜಾಜಿನಗರ, ಕೆಳಗೆ ಓಕಳಿಪುರ, ನಡುವೆ ರೈಲು ಹಳಿ. ಇವುಗಳ ಮಧ್ಯೆ ಒತ್ತೊತ್ತಾಗಿ ಕೂತ ಏರಿಯಾ ಇದು. ಹಿಂದಿನ ಸ್ಟೇಷನ್ ಪಕ್ಕದಲ್ಲೇ ಮಂತ್ರಿ ಮಾಲ್ ಇದೆಯಲ್ಲ, ಅಲ್ಲಿ ಮೊದಲು ಇದ್ದದ್ದು ರಾಜಾ ಮಿಲ್. ಈ ಭಾಗದಲ್ಲಿ ಬಿನ್ನಿ, ಮಿನರ್ವ ಅಂತ ಇನ್ನೂ ಮಿಲ್‌ಗಳಿದ್ದವು. ಮಿಲ್ ಕೆಲಸಕ್ಕೆ, ರೈಲ್ವೆ ಕೆಲಸಕ್ಕೆ ಬಂದವರು ಸುತ್ತಲಿನ ಗಲ್ಲಿಗಳಲ್ಲಿ ನೆಲೆ ನಿಂತರು. ಹಾಗಾಗಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಸುತ್ತೆ. ಒಂದು ಬಾಗಿಲ ಮೇಲೆ ಮಾವಿನ ತೋರಣ, ಪಕ್ಕದ ಬಾಗಿಲ ಮೇಲೆ ಶಿಲುಬೆ, ಎರಡಕ್ಕೂ ಗೋಡೆ ಒಂದೇ. ರಾಮನ ಹೆಸರಿನ ಪುರದಲ್ಲಿ ರಾಮನವಮಿಯ ಪಾನಕ ಮುಗಿದು ಕೆಲವು ದಿನಕ್ಕೇ ಶುಭ ಶುಕ್ರವಾರ ಬರುವುದೂ ಉಂಟು.

ಹಬ್ಬ ಅಂದ್ರೆ ನಮಗೆ ಸದ್ದು ಇರಲೇಬೇಕು. ಗಂಟೆ, ತಮಟೆ, ಪಟಾಕಿ, ಮೈಕು. ಕ್ರಿಸ್ಮಸ್‌ನಲ್ಲೂ ಈ ಬೀದಿಗಳು ನಕ್ಷತ್ರದ ದೀಪಗಳಿಂದ ಝಗಮಗ ಅಂತವೆ. ಗುಡ್ ಫ್ರೈಡೇ ದಿನ ಮಾತ್ರ ಎಲ್ಲ ಉಲ್ಟಾ. ಕಥೋಲಿಕ ಚರ್ಚುಗಳಲ್ಲಿ ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಬಾರಿಸಿದ ಗಂಟೆ ಶನಿವಾರ ರಾತ್ರಿಯವರೆಗೆ ಮತ್ತೆ ಬಾರಿಸಲ್ಲ. ತೀರಾ ಬೇಕಾದರೆ ಮರದ ತುಂಡುಗಳನ್ನು ಬಡಿದು ‘ಟಕ ಟಕ’ ಅಂತ ಸದ್ದು ಮಾಡ್ತಾರೆ. ಪೀಠದ ಮೇಲೆ ಬಟ್ಟೆ ಇಲ್ಲ, ಹೂವಿಲ್ಲ, ಮೇಣದಬತ್ತಿ ಇಲ್ಲ. ದಿನಾ ನಡೆಯುವ ಬಲಿಪೂಜೆಯೂ ಅವತ್ತು ಇರಲ್ಲ. ಪರಮಪ್ರಸಾದ ಕೊಡ್ತಾರೆ ನಿಜ, ಆದರೆ ಅದು ಹಿಂದಿನ ದಿನದ ಪೂಜೆಯಿಂದ ಎತ್ತಿಟ್ಟದ್ದು.

ಬೆಳಿಗ್ಗೆ ಒಂದು ಗಲ್ಲಿಯಲ್ಲಿ ‘ಶಿಲುಬೆ ಹಾದಿ’ ಹೊರಟಿತ್ತು. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗಿನ 14 ಘಟ್ಟಗಳನ್ನು ನೆನೆದು, ಒಂದೊಂದರಲ್ಲೂ ನಿಂತು ಪ್ರಾರ್ಥಿಸುವ ಯಾತ್ರೆ ಇದು. ಮುಂದೆ ಮರದ ಶಿಲುಬೆ ಹೊತ್ತ ಹುಡುಗರು. ಸುಸ್ತಾದವರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಅದು ದಾಟುತ್ತಿತ್ತು. ಹಿಂದೆ ತಲೆಗೆ ಸೆರಗು ಹೊದ್ದ ಹೆಂಗಸರು, ಅಜ್ಜಿಯ ಕೈ ಹಿಡಿದ ಮಕ್ಕಳು. ಎದುರಿಂದ ಬಂದ ಗ್ಯಾಸ್ ಸಿಲಿಂಡರ್ ಗಾಡಿಯವನು ಹಾರ್ನ್ ಹೊಡೆಯದೆ ಪಕ್ಕಕ್ಕೆ ನಿಲ್ಲಿಸಿದ. ಒಂದು ಘಟ್ಟದ ಪ್ರಾರ್ಥನೆ ತಮಿಳಲ್ಲಿ, ಮುಂದಿನದು ಕನ್ನಡದಲ್ಲಿ. ಚರ್ಚಿನಲ್ಲಿ ಯಾವ ಭಾಷೆ ಅನ್ನೋದು ಬೆಂಗಳೂರಿನ ಕಥೋಲಿಕರನ್ನು ಎಷ್ಟೋ ವರ್ಷ ಕಾಡಿದ ಜಗಳ. ಈ ಗಲ್ಲಿಯಲ್ಲಿ ಅವತ್ತು ಅದು ಕಾಣಲಿಲ್ಲ.

ಮುಖ್ಯ ಆರಾಧನೆ ಶುರುವಾಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ. ಯೇಸು ಪ್ರಾಣ ಬಿಟ್ಟದ್ದು ಆ ಹೊತ್ತಿಗೆ ಅಂತ ನಂಬಿಕೆ. ಕೆಂಪು ವಸ್ತ್ರ ತೊಟ್ಟ ಗುರುಗಳು ಒಂದೂ ಮಾತಾಡದೆ ಬಂದು ಪೀಠದ ಮುಂದೆ ಅಡ್ಡಬೀಳ್ತಾರೆ. ಯೊವಾನ್ನನ ಶುಭಸಂದೇಶದಿಂದ ಯೇಸುವಿನ ಯಾತನೆಯ ಕಥೆ ಓದ್ತಾರೆ. ಆಮೇಲೆ ಹತ್ತು ದೊಡ್ಡ ಪ್ರಾರ್ಥನೆಗಳು: ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ಅಧಿಕಾರದಲ್ಲಿ ಇರುವವರಿಗಾಗಿ, ಕಷ್ಟದಲ್ಲಿ ಇರುವವರಿಗಾಗಿ. ಅಂದರೆ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತ ನನ್ನಂಥವರೂ ಆ ಲೆಕ್ಕಕ್ಕೆ ಬಂದೆವು! ಕೊನೆಗೆ ಜನ ಸಾಲಾಗಿ ಹೋಗಿ ಶಿಲುಬೆಗೆ ಮುತ್ತಿಡ್ತಾರೆ.

ಪ್ರಾಟೆಸ್ಟೆಂಟರ ಕ್ರಮ ಸ್ವಲ್ಪ ಬೇರೆ. ಸಿ.ಎಸ್.ಐ. ಸಭೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ಧ್ಯಾನ ಮಾಡುವುದು ರೂಢಿ. ಕಾರ್ಪೊರೇಷನ್ ಸರ್ಕಲ್ ಹತ್ತಿರದ ಹಡ್ಸನ್ ಸ್ಮಾರಕ ಚರ್ಚ್, ಅವೆನ್ಯೂ ರೋಡಿನ ರೈಸ್ ಸ್ಮಾರಕ ಚರ್ಚ್ ಎರಡೂ ಹಳೆಯ ಕನ್ನಡ ಸಭೆಗಳು. ಅವುಗಳ ಮುಂದೆ ದಿನಾ ಓಡಾಡುವ ಎಷ್ಟೋ ಜನಕ್ಕೆ ಒಳಗೆ ಕನ್ನಡದಲ್ಲಿ ಪ್ರಾರ್ಥನೆ ನಡೆಯುತ್ತೆ ಅನ್ನೋದೇ ಗೊತ್ತಿರಲ್ಲ.

ಊಟದ ವಿಷಯಕ್ಕೆ ಬರೋಣ. ಕಥೋಲಿಕರಿಗೆ ಅವತ್ತು ಮಾಂಸ ವರ್ಜ್ಯ. 18 ತುಂಬಿದವರಿಂದ 59 ವಯಸ್ಸಿನವರೆಗೆ ಉಪವಾಸ, ಅಂದರೆ ದಿನಕ್ಕೆ ಒಂದೇ ಪೂರ್ತಿ ಊಟ. ನಮ್ಮ ಅಜ್ಜಿಯರ ‘ಒಪ್ಪತ್ತು’ ಇದೇ ಅಲ್ವಾ? ಸುಮಾರು ಮನೆಗಳಲ್ಲಿ ಅವತ್ತು ಗಂಜಿ, ಜೊತೆಗೆ ಒಂದು ಪಲ್ಯ ಅಥವಾ ಚಟ್ನಿ. ಕೇರಳದ ಸಿರಿಯನ್ ಕ್ರೈಸ್ತರು ಹಾಗಲಕಾಯಿ ರಸವನ್ನೋ ವಿನೆಗರ್ ಬೆರೆಸಿದ ಕಹಿ ನೀರನ್ನೋ ಒಂದು ಗುಟುಕು ಕುಡೀತಾರೆ. ಶಿಲುಬೆಯ ಮೇಲೆ ಬಾಯಾರಿದವನಿಗೆ ಹುಳಿಯನ್ನ ಕೊಟ್ಟರಲ್ಲ, ಅದರ ನೆನಪಿಗೆ.

ಇಷ್ಟು ದುಃಖದ ದಿನಕ್ಕೆ ‘ಶುಭ’ ಅಂತ ಯಾಕೆ ಹೆಸರು? ಇಂಗ್ಲಿಷಿನ ‘ಗುಡ್’ ಅನ್ನೋ ಪದಕ್ಕೆ ಹಿಂದೆ ‘ಪವಿತ್ರ’ ಅನ್ನೋ ಅರ್ಥವೂ ಇತ್ತು. ಕನ್ನಡಕ್ಕೆ ಬರುವಾಗ ಅದು ‘ಶುಭ ಶುಕ್ರವಾರ’ ಆಯಿತು. ಶ್ರೀರಾಂಪುರದ ತಮಿಳರು ‘ಪೆರಿಯ ವೆಳ್ಳಿ’ ಅಂತಾರೆ, ದೊಡ್ಡ ಶುಕ್ರವಾರ. ಮಲಯಾಳಿಗಳು ‘ದುಃಖ ವೆಳ್ಳಿ’ ಅಂತ ಇದ್ದದ್ದು ಇದ್ದಹಾಗೆ ಹೇಳ್ತಾರೆ. ಆದ್ದರಿಂದ ಆಫೀಸ್ ವಾಟ್ಸಾಪ್ ಗ್ರೂಪಲ್ಲಿ ‘ಹ್ಯಾಪಿ ಗುಡ್ ಫ್ರೈಡೇ’ ಅಂತ ಹೂಗುಚ್ಛದ ಚಿತ್ರ ಹಾಕುವ ಮೊದಲು ಒಂದು ನಿಮಿಷ ಯೋಚಿಸಿ. ಸಾವಿನ ಮನೆಗೆ ಹೋಗಿ ಶುಭಾಶಯ ಹೇಳಿದ ಹಾಗಾಗುತ್ತೆ. ಶುಭಾಶಯಕ್ಕೆ ಭಾನುವಾರ ಈಸ್ಟರ್ ಇದೆ.

ಈ ದಿನ ಪ್ರತಿ ವರ್ಷ ಯಾಕೆ ಬದಲಾಗುತ್ತೆ ಗೊತ್ತಾ? ಇದಕ್ಕೂ ಚಂದ್ರನೇ ಲೆಕ್ಕ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಅದರ ಹಿಂದಿನ ಶುಕ್ರವಾರ ಇದು. ಎಷ್ಟೋ ವರ್ಷ ಆ ಹುಣ್ಣಿಮೆ ನಮ್ಮ ಚೈತ್ರ ಹುಣ್ಣಿಮೆಯೇ ಆಗಿರುತ್ತೆ, ಅಂದರೆ ಬೆಂಗಳೂರು ಕರಗದ ರಾತ್ರಿ. 2022ರಲ್ಲಿ ಶುಭ ಶುಕ್ರವಾರ ಏಪ್ರಿಲ್ 15, ಕರಗ 16. 2023ರಲ್ಲಿ ಕರಗ ಏಪ್ರಿಲ್ 6, ಶುಭ ಶುಕ್ರವಾರ 7. ಆ ಎರಡೂ ವರ್ಷ ರಂಜಾನ್ ಉಪವಾಸವೂ ನಡೆದಿತ್ತು. ಒಂದೇ ಹುಣ್ಣಿಮೆಯ ಕೆಳಗೆ ಪೇಟೆಯಲ್ಲಿ ಕರಗ ಹೊತ್ತವರು, ಗಲ್ಲಿಯಲ್ಲಿ ಶಿಲುಬೆ ಹೊತ್ತವರು, ಮಸೀದಿಯಲ್ಲಿ ರೋಜಾ ಬಿಡುವವರು. ಎಲ್ಲರೂ ಹಸಿದವರೇ.

ಇನ್ನು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಆರಾಧನೆ ಮುಗಿದ ಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬರನ್ನು ಮಾತಾಡಿಸಿದೆ. ಗಾರ್ಮೆಂಟ್ಸ್ ಕೆಲಸದವರು. “ಉಪವಾಸಾನಾ ಅಕ್ಕ?” ಅಂದೆ.

“ಬೆಳಿಗ್ಗೆಯಿಂದ ನೀರೇ. ಮನೆಗೆ ಹೋಗಿ ಗಂಜಿ ಕುಡೀಬೇಕು” ಅಂದರು. “ಹಸಿವು ಏನ್ ದೊಡ್ಡದು ಬಿಡಣ್ಣ, ರಜಾ ಸಿಗೋದೇ ದೊಡ್ಡದು. ಇವತ್ತಿನ ಸಂಬಳ ಕಟ್. ಹೋದ ವರ್ಷ ಅರ್ಧ ದಿನ ಪರ್ಮಿಷನ್ ಕೇಳಿದ್ದಕ್ಕೆ ಬೈಸ್ಕೊಂಡೆ.”

ನನಗೆ ಆಶ್ಚರ್ಯ. ಇದು ಸರ್ಕಾರಿ ರಜೆ ಅಲ್ವಾ? ಹೌದು, ಸರ್ಕಾರಿ ಕಚೇರಿ, ಬ್ಯಾಂಕು, ಷೇರುಪೇಟೆ ಎಲ್ಲಕ್ಕೂ ರಜೆ. ಆದರೆ ಕಾರ್ಖಾನೆಗಳ ಲೆಕ್ಕವೇ ಬೇರೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಅದರ ಪ್ರಕಾರ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಕಡ್ಡಾಯ. ಮೇಲೆ ಇನ್ನು ಐದು ಹಬ್ಬದ ರಜೆ. ಸಂಕ್ರಾಂತಿ, ಯುಗಾದಿ, ಗಣೇಶ, ಆಯುಧಪೂಜೆ, ದೀಪಾವಳಿ ಅಂತ ಎಣಿಸಿದರೆ ಐದು ಬೆರಳು ಮುಗಿದೇ ಹೋಯ್ತು. ಹತ್ತು ಜನ ಕ್ರೈಸ್ತರಿರುವ ಕಾರ್ಖಾನೆಯಲ್ಲಿ ಗುಡ್ ಫ್ರೈಡೇಗೆ ಜಾಗ ಎಲ್ಲಿ? ಡೆಲಿವರಿ ಹುಡುಗರು, ಸೆಕ್ಯುರಿಟಿ ಗಾರ್ಡ್‌ಗಳು, ಮನೆಗೆಲಸದವರಿಗಂತೂ ಆ ಐದೂ ಅನುಮಾನ. ಅಂದರೆ ಆಚರಿಸದ ನನಗೆ ಸಂಬಳದ ಜೊತೆ ಮೂರು ದಿನ ರಜೆ, ಆಚರಿಸುವ ಆಕೆಗೆ ಒಂದು ದಿನದ ಕೂಲಿ ಖೋತಾ.

ಇದು ಬರೀ ಬಡವರ ಸಮಸ್ಯೆಯೂ ಅಲ್ಲ. 2015ರ ಏಪ್ರಿಲ್ 3ರ ಗುಡ್ ಫ್ರೈಡೇಯಂದೇ ದೆಹಲಿಯಲ್ಲಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಶುರುವಾಯಿತು. ಕರೆದದ್ದು ಆಗಿನ ಮುಖ್ಯ ನ್ಯಾಯಮೂರ್ತಿ, ನಮ್ಮವರೇ ಆದ ಎಚ್.ಎಲ್. ದತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಅದಕ್ಕೆ ಪತ್ರ ಬರೆದೇ ಆಕ್ಷೇಪಿಸಿದ್ದರು. ಸಮ್ಮೇಳನ ನಡೆಯಿತು. ಆ ಸ್ಥಾನದಲ್ಲಿದ್ದವರ ಮಾತೇ ನಡೆಯದ ಮೇಲೆ, ಹೊಲಿಗೆ ಮೆಷಿನ್ ಮುಂದೆ ಕೂತವರು ಸೂಪರ್‌ವೈಸರ್ ಹತ್ತಿರ ಏನಂತ ಕೇಳ್ತಾರೆ?

ಹಾಗಂತ ಈ ದಿನ ನಮಗೆ ಪರಕೀಯ ಅಂದುಕೊಳ್ಳಬೇಡಿ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಅವರು ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಅನ್ನುವ ಖಂಡಕಾವ್ಯವನ್ನೇ ಬರೆದಿದ್ದಾರೆ. ಊರು ಬಿಟ್ಟು ಹೋಗಲೇಬೇಕು ಅನ್ನುವವರಿಗೆ ಕನಕಪುರದ ಕಡೆ ಹಾರೋಬೆಲೆ ಇದೆ. ಅಲ್ಲಿ ಈ ಹೊತ್ತಿಗೆ ಯೇಸುವಿನ ಪಾಡುಗಳ ನಾಟಕವನ್ನು ಹಳ್ಳಿಯವರೇ ಕನ್ನಡದಲ್ಲಿ ಆಡುವ ಹಳೆಯ ಪರಂಪರೆ ಇದೆ.

ಊರಲ್ಲೇ ಇದ್ದರೆ ಮೂರು ಗಂಟೆಗೆ ಹತ್ತಿರದ ಚರ್ಚಿಗೆ ಹೋಗಿ. ಯಾರೂ ತಡೆಯಲ್ಲ. ಹಿಂದೆ ಕೂತ್ಕೊಳ್ಳಿ, ಮೊಬೈಲ್ ಸೈಲೆಂಟ್ ಮಾಡಿ, ಫೋಟೊ ಬೇಡ. ಪರಮಪ್ರಸಾದದ ಸಾಲಿಗೆ ಮಾತ್ರ ನಿಲ್ಲಬೇಡಿ, ಅದು ದೀಕ್ಷೆ ಪಡೆದವರಿಗೆ. ಅವತ್ತು ಆರ್ಡರ್ ತಂದ ಹುಡುಗನ ಕತ್ತಲ್ಲಿ ಶಿಲುಬೆ ಕಂಡರೆ ನಾಲ್ಕನೇ ಮಹಡಿಗೆ ಹತ್ತಿಸಬೇಡಿ, ನೀವೇ ಇಳಿದು ಹೋಗಿ ತಗೊಳ್ಳಿ. ನೀವು ಟೀಮ್ ಲೀಡೋ ಮ್ಯಾನೇಜರೋ ಆಗಿದ್ದರೆ, ಮುಂದಿನ ವರ್ಷದ ಶಿಫ್ಟ್ ಪಟ್ಟಿ ಹಾಕುವಾಗ ಈ ಶುಕ್ರವಾರದ ಮುಂದೆ ಯಾರ ಹೆಸರಿದೆ ಅಂತ ಒಮ್ಮೆ ನೋಡಿ. ಅವರಾಗಿ ಕೇಳುವ ಮೊದಲೇ “ಮಧ್ಯಾಹ್ನ ಎರಡಕ್ಕೆ ಹೊರಡಿ, ಉಳಿದದ್ದು ನಾನು ನೋಡ್ಕೋತೀನಿ” ಅಂತ ಹೇಳಿಬಿಡಿ.