ಕಿವಿಗೊಂದು ಕೊಡೆ

ನಮ್ಮ ಮನೆಯಲ್ಲಿ ದನಿ ಏರಿಸಿ ಮಾತಾಡುವವನು ನಾನೊಬ್ಬನೇ. ಸಿಟ್ಟಿನಿಂದಲ್ಲ, ಅಭ್ಯಾಸಬಲ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ 22 ವರ್ಷ ದುಡಿದವನಿಗೆ ಮೆಲುಮಾತು ಬರುವುದಾದರೂ ಹೇಗೆ ಹೇಳಿ? ಇಂಜಿನಿಯರಿಂಗ್ ಓದುವ ಮಗಳು ಒಂದು ಸಂಜೆ, "ಅಪ್ಪಾ, ನನಗೆ ಸದ್ದಡಗಿಸುವ ಹೆಡ್‌ಫೋನ್ ಬೇಕು" ಎಂದಾಗ ನಗು ಬಂತು. ಸದ್ದಿನಿಂದಲೇ ಅನ್ನ ಕಂಡ ಮನೆಯಲ್ಲಿ ಸದ್ದಡಗಿಸಲು ದುಡ್ಡು ಸುರಿಯುವುದೇ!

ಅವಳ ವಾದವನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರಲು ಮೂರು ಗಂಟೆ. ಆ ಹೊತ್ತಿನಲ್ಲಿ ಅವಳು ಫೋನಿನಲ್ಲಿ ಪಾಠ ಕೇಳುತ್ತಾಳೆ. ಇಂಜಿನ್ ಗುಡುಗಿದಷ್ಟೂ ದನಿ ಏರಿಸಬೇಕು. ರಾತ್ರಿ ತಲೆಯೆಲ್ಲ ಗುಂಯ್‌ಗುಡುತ್ತದೆ.

ಸರಿ, ಒಂದು ಶನಿವಾರ ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯಾತ ಮೂರು ಹೆಡ್‌ಫೋನ್ ಮುಂದಿಟ್ಟ. ಬೆಲೆ ಕೇಳಿದ ಕೂಡಲೇ ಇದು ಎಷ್ಟು ಸೀರೆ ನೇಯ್ದ ಕೂಲಿ ಎಂದು ಮನಸ್ಸು ಲೆಕ್ಕ ಹಾಕಿತು. ಇಷ್ಟು ಕೊಡುವುದಾದರೆ ಪರೀಕ್ಷಿಸದೆ ಬಿಡಬಾರದೆಂದು ನಾನೇ ತಲೆಗೇರಿಸಿದೆ.

ಮೊದಲನೆಯದು ನೋಡಲು ಚೆಂದ. ಆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒತ್ತಿ ಹತ್ತೇ ನಿಮಿಷಕ್ಕೆ ನೋವು ತಂದಿತು. ಕಡ್ಡಿ ಇದ್ದಲ್ಲಿ ಮೆತ್ತೆ ಮೇಲೆದ್ದು ಸದ್ದೂ ಒಳನುಗ್ಗುತ್ತಿತ್ತು. ಎರಡನೆಯದರ ಬಟ್ಟಲು ಚಿಕ್ಕದು, ಕಿವಿ ಮಡಚಿಕೊಳ್ಳುತ್ತಿತ್ತು. ಮೂರನೆಯದು ಸುಮಾರು 250 ಗ್ರಾಂ. ಕಿವಿ ಪೂರ್ತಿ ಒಳಗೆ ಕೂತಿತು, ಮೆತ್ತೆಯೂ ಮೃದು. ಅರ್ಧ ಗಂಟೆಗೆ ಕಿವಿ ಬೆವರಿತು ಅನ್ನಿ, ಆದರೆ ತಲೆ ನೋಯಲಿಲ್ಲ.

ಗುಂಡಿ ಒತ್ತಿದಾಗ ಮಾತ್ರ ಬೆರಗಾದೆ. ಅಂಗಡಿಯ ಫ್ಯಾನಿನ ಗುಂಯ್‌ಕಾರ ಸ್ವಿಚ್ ಆರಿಸಿದಂತೆ ನಿಂತಿತು. ಆಟೋ ಹಾರನ್, ಅಂಗಡಿ ಹುಡುಗನ ಕೂಗು ಮಾತ್ರ ತೆಳ್ಳಗೆ ಉಳಿದವು. ಮಗಳು ವಿವರಿಸಿದಳು: ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ. ಯಂತ್ರ ಅದರ ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು ಹೊಂದಿಸಿ ತದ್ವಿರುದ್ಧ ಅಲೆ ಹುಟ್ಟಿಸುತ್ತದೆ. ಎರಡೂ ಸೇರಿ ಸಮ. ಒಂದೇ ಸಮನೆ ಬರುವ ತಗ್ಗುದನಿಗೆ ಈ ಉಪಾಯ ಸಲ್ಲುತ್ತದೆ, ದಿಢೀರ್ ಸದ್ದಿಗೆ ಅಷ್ಟಾಗಿ ಇಲ್ಲ. ಬಂಗಾಳದಿಂದ ಅಮೆರಿಕಕ್ಕೆ ಹೋದವರೊಬ್ಬರ ಮಗ, ಪ್ರಾಧ್ಯಾಪಕ ಅಮರ್ ಬೋಸ್, 1978ರಲ್ಲಿ ವಿಮಾನದ ಗದ್ದಲದಿಂದ ಬೇಸತ್ತು, ಕೂತಲ್ಲೇ ಇದರ ಲೆಕ್ಕ ಬರೆದರಂತೆ. 1989ರಲ್ಲಿ ಅವರ ಕಂಪನಿ ಇದನ್ನು ಮೊದಲು ವಿಮಾನ ಚಾಲಕರಿಗಾಗಿ ಮಾರುಕಟ್ಟೆಗೆ ತಂದಿತು.

ಇನ್ನು ನಾದದ ಪರೀಕ್ಷೆ. ಮಗಳು ಒಂದು ನೃತ್ಯದ ಹಾಡು ಹಾಕಿ, "ಗೆಜ್ಜೆ ಎಷ್ಟು ಸ್ಪಷ್ಟ ಅಲ್ವಾ?" ಎಂದಳು. ಮೃದಂಗ ಕೇಳಿತು, ಹಾಡುಗಾರ್ತಿ ಕೇಳಿದಳು. ಗೆಜ್ಜೆ ಎಲ್ಲಿ? "ಇದು ಸರಿಯಿಲ್ಲ" ಎಂದು ಬೇರೆಯದನ್ನು ಹಾಕಿಕೊಂಡೆ. ಅದರಲ್ಲೂ ಇಲ್ಲ. ಮೂರರಲ್ಲೂ ಇಲ್ಲ! ಮಗಳು ಒಂದೊಂದನ್ನೂ ತನ್ನ ಕಿವಿಗಿಟ್ಟು ನೋಡಿದಳು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದಳು.

ಆ ವಾರವೇ ನನ್ನನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದಳು. ಕಾಗದದ ಮೇಲಿನ ಗೆರೆ 4000 ಹರ್ಟ್ಸ್ ಬಳಿ ಹಳ್ಳಕ್ಕೆ ಬಿದ್ದಿತ್ತು. ಗದ್ದಲದಲ್ಲಿ ದುಡಿದವರ ಕಿವಿಯ ಗುರುತೇ ಅದು ಎಂದರು ಡಾಕ್ಟರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವಿಲ್ಲದ ನಷ್ಟ, ಹಾಗಾಗಿ ತಿಳಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಮಕ್ಕಳಿಗೆ 40 ಗಂಟೆಯ ಮಿತಿ 75ಕ್ಕೇ ನಿಲ್ಲುತ್ತದೆ. ಮಗ್ಗದ ಶೆಡ್ಡಿನಲ್ಲಿ ನಾನು ವಾರವಿಡೀ ಎಷ್ಟು ಕೇಳಿದೆನೋ!

ಮರುದಿನವೇ ಹೋಗಿ ಮೂರನೆಯ ಹೆಡ್‌ಫೋನ್ ಕೊಂಡೆವು. ಬಸ್ಸಿನಲ್ಲಿ ಮೊದಲು ದನಿಯನ್ನು ಮುಕ್ಕಾಲು ಏರಿಸುತ್ತಿದ್ದವಳಿಗೆ ಈಗ ಮೂರನೇ ಒಂದು ಭಾಗ ಸಾಕಾಗುತ್ತದೆ. ತಂದೆ ತಾಯಿಯರೇ, ಈ ವಸ್ತುವಿನ ನಿಜವಾದ ಉಪಯೋಗ ಇದೊಂದೇ. ಸದ್ದು ಅಡಗಿತೆಂದು ಹಾಡನ್ನು ಮತ್ತೆ ಜೋರು ಮಾಡಿದರೆ ದುಡ್ಡೂ ಹೋಯಿತು, ಕಿವಿಯೂ ಹೋಯಿತು. ರಸ್ತೆ ದಾಟುವಾಗ ಕಿವಿಯಿಂದ ತೆಗೆಯಬೇಕು, ಇದು ನಮ್ಮ ಮನೆಯ ಕಾನೂನು.

ಬರುವಾಗ ಔಷಧಿ ಅಂಗಡಿಯಲ್ಲಿ ಸ್ಪಂಜಿನ ಕಿವಿಬಿರಡೆಗಳನ್ನೂ ಕೊಂಡೆ. ಹೆಡ್‌ಫೋನಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು. ನಮ್ಮ ಪಕ್ಕದ ಶೆಡ್ಡಿನ ಮೂವರು ಹುಡುಗರಿಗೆ ಕೊಟ್ಟಾಗ ನಕ್ಕರು. ಕೂತು ಗೆಜ್ಜೆಯ ಕಥೆ ಹೇಳಿದೆ. ಈಗ ಇಬ್ಬರು ಹಾಕಿಕೊಳ್ಳುತ್ತಿದ್ದಾರೆ. ಮೂರನೆಯವನು ಇನ್ನೂ ಒಪ್ಪಿಲ್ಲ. ದಿನಾ ಸಂಜೆ ಹೋಗಿ ಕೇಳುತ್ತಿದ್ದೇನೆ.