ಮೂರು ಊರಿನ ಸಿಂಗಾರ, ಒಂದು ಊಟದ ಮೇಜು

ಫೆಬ್ರವರಿ ಬಂದರೆ ಸಾಕು, ಪೇಟೆಯ ಅಂಗಡಿಗಳ ಗಾಜಿನ ಹಿಂದೆ ಕೆಂಪು ಹೃದಯಗಳು ತೂಗಾಡತೊಡಗುತ್ತವೆ. ಹದಿನಾಲ್ಕನೆಯ ತಾರೀಕು 'ವ್ಯಾಲೆಂಟೈನ್ ದಿನ'. ಕಾಲೇಜಿಗೆ ಹೋಗುವ ಮಕ್ಕಳಿಗೆ ಅದೆಲ್ಲ ಗೊತ್ತು. ನಾವು ಮಾತ್ರ "ಈ ವಯಸ್ಸಿನಲ್ಲಿ ನಮಗೆಂಥದ್ದು ಅದು?" ಎಂದು ನಕ್ಕು ಒಲೆಯ ಕಡೆ ತಿರುಗಿಬಿಡುತ್ತೇವೆ. ಅಲ್ವೇ?

ಅದು ನಮ್ಮ ಹಬ್ಬವೋ ಅಲ್ಲವೋ ಎಂಬ ವಾದ ಇಲ್ಲಿ ಬೇಡ. ಆ ತಾರೀಕು ಒಗ್ಗದಿದ್ದರೆ ನಿಮ್ಮ ಮದುವೆಯ ದಿನ ಇದೆ. ದುಬೈಯಲ್ಲೋ ಮುಂಬಯಿಯಲ್ಲೋ ದುಡಿಯುವ ಯಜಮಾನರು ರಜೆಗೆ ಊರಿಗೆ ಬರುವ ದಿನ ಇದೆ. ವರ್ಷದಲ್ಲಿ ಒಂದು ದಿನವಾದರೂ ಮನೆಯ ಊಟಕ್ಕೆ ಸ್ವಲ್ಪ ಸಿಂಗಾರ ಮಾಡಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಎಂಬ ಆಸೆ ಯಾರಿಗಿಲ್ಲ? ಅಡ್ಡ ಬರುವುದು ಖರ್ಚು. ಪ್ಲಾಸ್ಟಿಕ್ ಹೂವು, ಥರ್ಮಕೋಲ್ ಹೃದಯ, ಬಣ್ಣದ ಮೇಣದಬತ್ತಿ ಎಂದು ಕೊಳ್ಳುತ್ತಾ ಹೋದರೆ ತಿಂಗಳ ತರಕಾರಿಯ ದುಡ್ಡು ಅಲ್ಲೇ ಕರಗುತ್ತದೆ. ಮರುದಿನ ಅವೆಲ್ಲ ಕಸದ ಬುಟ್ಟಿಗೆ.

ಹಾಗಾದರೆ ಬನ್ನಿ, ದಕ್ಷಿಣ ಕನ್ನಡದ ಮೂರು ಊರುಗಳನ್ನು ಒಮ್ಮೆ ಸುತ್ತಿಬರೋಣ: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ. ಧರ್ಮಸ್ಥಳಕ್ಕೆ ಹೋಗಿ ಬಂದವರು ನಮ್ಮಲ್ಲಿ ಯಾರಿಲ್ಲ? ಬಸ್ಸಿನ ಕಿಟಕಿಯಿಂದ ಈ ಊರುಗಳ ತೋಟ, ಅಂಗಳ, ಜಗಲಿಗಳನ್ನು ನೀವು ಖಂಡಿತ ನೋಡಿರುತ್ತೀರಿ. ಮನೆಯಲ್ಲಿ ಬಿದ್ದಿರುವ ವಸ್ತುವಿನಿಂದಲೇ ಮನೆಯನ್ನು ಚಂದ ಮಾಡುವ ವಿದ್ಯೆ ಇಲ್ಲಿಯ ಹೆಂಗಸರಿಗೆ ಹಳೆಯದು.

ಬಂಟ್ವಾಳ: ಕತ್ತರಿ ಹಿಡಿದ ಕೈ

ಮಂಗಳೂರಿನಿಂದ ಪೂರ್ವಕ್ಕೆ ಸುಮಾರು 25 ಕಿಲೋಮೀಟರು ಬಂದರೆ ಬಿ.ಸಿ. ರೋಡ್, ಅಂದರೆ ಬಂಟ್ವಾಳ ಕ್ರಾಸ್ ರೋಡ್. ಬಸ್ಸುಗಳ ಗದ್ದಲವೆಲ್ಲ ಇಲ್ಲಿಯೇ. ಹಳೆಯ ಬಂಟ್ವಾಳ ಪೇಟೆ ಇರುವುದು ನೇತ್ರಾವತಿಯ ದಡದಲ್ಲಿ. ಇಕ್ಕಟ್ಟಿನ ಬೀದಿ, ಹೆಂಚಿನ ಮಾಡು, ತಿರುಮಲ ವೆಂಕಟರಮಣ ದೇವಸ್ಥಾನ. 1923ರಲ್ಲಿ ಮತ್ತು 1974ರಲ್ಲಿ ಈ ಪೇಟೆಗೆ ನದಿಯ ನೀರೇ ನುಗ್ಗಿತ್ತು. ನೆರೆ ಕಂಡ ಮನೆಯವರಿಗೆ ಒಂದೊಂದು ಪಾತ್ರೆ, ಒಂದೊಂದು ಸೀರೆಯ ಬೆಲೆಯೂ ಗೊತ್ತಿರುತ್ತದೆ.

ಇಲ್ಲಿಯ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ್ದು. ಅದರ ತುಳು ಬದುಕು ವಸ್ತು ಸಂಗ್ರಹಾಲಯದಲ್ಲಿ ತುಳುನಾಡಿನ ಮನೆಗಳ ಹಳೆಯ ಬಳಕೆಯ ಸಾಮಾನುಗಳನ್ನು ಕೂಡಿಟ್ಟಿದ್ದಾರೆ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ನಿಮ್ಮಜ್ಜಿಯ ಕಾಲದ ಸಾಮಾನು ಒಂದು ಕಾಣಿಕೆಯಷ್ಟು ಅಮೂಲ್ಯ ಎಂದು ಅಲ್ಲಿಗೆ ಹೋದವರಿಗೆ ತಾನಾಗಿ ತಿಳಿಯುತ್ತದೆ.

ಈ ತಾಲೂಕಿನ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರು ಕಟ್ಟಿದ ಬೀಡಿಯಿಂದ. ಮೊರ ಮಡಿಲಲ್ಲಿಟ್ಟು, ನೆನೆಸಿದ ಎಲೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಸುತ್ತಿ, ನೂಲು ಕಟ್ಟುವ ಆ ಬೆರಳುಗಳ ಚುರುಕು ನೋಡಬೇಕು! ಈಗ ಆ ಕೆಲಸ ಕಡಿಮೆಯಾಗುತ್ತಿದೆ. ಆದರೆ ಅಳತೆ ಇಟ್ಟು ಕತ್ತರಿಸಿ ಬಿಗಿಯಾಗಿ ಸುತ್ತುವ ಆ ರೀತಿ ನಮ್ಮ ಮೊದಲನೆಯ ಅಲಂಕಾರಕ್ಕೆ ಹೇಳಿ ಮಾಡಿಸಿದ್ದು.

ಕಾಗದದ ಮಣಿಸರ: ಹಳೆಯ ಮದುವೆ ಕಾಗದಗಳು, ಓದಿ ಮುಗಿದ ಪತ್ರಿಕೆಯ ಬಣ್ಣದ ಪುಟಗಳು, ತೆಂಗಿನ ಗರಿಯ ಕಡ್ಡಿ, ಮೈದಾ ಗಂಜಿ, ಇಷ್ಟು ಸಾಕು. ತೆಳು ಕಾಗದವನ್ನು ಬುಡದಲ್ಲಿ ಒಂದು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ತ್ರಿಕೋನದ ಪಟ್ಟಿಗಳಾಗಿ ಕತ್ತರಿಸಿ. ಅಗಲದ ತುದಿಯಿಂದ ಶುರುಮಾಡಿ ಕಡ್ಡಿಗೆ ಬಿಗಿಯಾಗಿ ಸುತ್ತಿ. ಕೊನೆಯ ಎರಡು ಅಂಗುಲಕ್ಕೆ ಮಾತ್ರ ಗಂಜಿ ಸವರಿ. ಕಡ್ಡಿ ಎಳೆದರೆ ಹೊಟ್ಟೆ ಉಬ್ಬಿದ ಚಂದದ ಮಣಿ ಸಿದ್ಧ. ನೂರು ಮಣಿ ಪೋಣಿಸಿದರೆ ಮೇಜಿನ ಅಂಚಿಗೆ ಇಳಿಬಿಡಬಹುದು. ಮದುವೆ ಕಾಗದದ ದಪ್ಪ ಹಾಳೆ ಸುತ್ತಲು ಬರುವುದಿಲ್ಲ. ಅದರಲ್ಲಿ ಪುಟ್ಟ ಚೀಟಿ ಕತ್ತರಿಸಿ, ಒಬ್ಬೊಬ್ಬರ ಹೆಸರು ಬರೆದು ತಟ್ಟೆಯ ಪಕ್ಕ ಇಡಿ. ನಿಮ್ಮ ಹೆಸರಿನ ಚೀಟಿಯನ್ನೂ ಮರೆಯಬೇಡಿ!

ಬೆಳ್ತಂಗಡಿ: ಬಿದ್ದ ಹಾಳೆಗೆ ಎದ್ದ ಬೆಲೆ

ಬಂಟ್ವಾಳದಿಂದ ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿಯತ್ತ ಹೊರಟರೆ ಎರಡೂ ಬದಿಗೆ ಅಡಿಕೆ ತೋಟಗಳು. ದೂರದಲ್ಲಿ ಘಟ್ಟದ ನೀಲಿ ಸಾಲು. ಧರ್ಮಸ್ಥಳ, ಉಜಿರೆ, ವೇಣೂರು ಎಲ್ಲ ಇದೇ ತಾಲೂಕಿನವು. ಧರ್ಮಸ್ಥಳಕ್ಕೆ ಹೋದವರು ಮಂಜೂಷಾ ವಸ್ತು ಸಂಗ್ರಹಾಲಯವನ್ನೂ ನೋಡಿಕೊಂಡು ಬನ್ನಿ. ಹಳೆಯದನ್ನು ಜೋಪಾನ ಮಾಡುವುದು ಎಂದರೇನು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಅಡಿಕೆ ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಸರ್ವೋಪಯೋಗಿ. ಗದ್ದೆಯಲ್ಲಿ ದುಡಿಯುವವರ ತಲೆಗೆ ಮುಟ್ಟಾಳೆ ಎಂಬ ಟೊಪ್ಪಿ, ಸೆಕೆಗೆ ಬೀಸಣಿಗೆ, ಮಕ್ಕಳಿಗೆ ಕೂತು ಎಳೆಸಿಕೊಳ್ಳುವ ಗಾಡಿ! ಈಗ ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಾರೆ, ಅದು ದೂರದ ಊರುಗಳಿಗೂ ಹೋಗುತ್ತದೆ. ಮನೆಯಲ್ಲಿ ಯಂತ್ರ ಬೇಡ, ನಮಗೆ ಬೇಕಾದಷ್ಟನ್ನು ಕತ್ತರಿಯಲ್ಲೇ ಮಾಡಿಕೊಳ್ಳಬಹುದು.

ಹಾಳೆಯ ತಟ್ಟೆಮಣೆ: ಕಲೆಯಿಲ್ಲದ ಒಣ ಹಾಳೆಯನ್ನು ತೊಳೆದು ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ಮೆತ್ತಗಾದ ಮೇಲೆ ನಿಮ್ಮ ಊಟದ ತಟ್ಟೆಗಿಂತ ಎರಡು ಅಂಗುಲ ದೊಡ್ಡದಾದ ವೃತ್ತ ಗುರುತು ಮಾಡಿ ಕತ್ತರಿಸಿ. ಎರಡು ಹಳೆಯ ಬಟ್ಟೆಗಳ ನಡುವೆ ಇಟ್ಟು ಮೇಲೆ ರುಬ್ಬುವ ಗುಂಡನ್ನೋ ಭಾರದ ಟ್ರಂಕನ್ನೋ ಹೇರಿ. ಮರುದಿನ ಬಿಸಿಲಿಗೆ ಹಾಕಿ ಚೆನ್ನಾಗಿ ಒಣಗಿಸಿ. ಹಸಿ ಉಳಿದರೆ ಬೂಷ್ಟು ಹಿಡಿಯುವುದು ನಿಶ್ಚಯ. ಫೆಬ್ರವರಿಯ ಬಿಸಿಲು ಇದಕ್ಕೆ ಬಹಳ ಅನುಕೂಲ. ಉಳಿದ ಚೂರಿನಲ್ಲಿ ಲೋಟದ ಅಡಿಗೆ ಪುಟ್ಟ ಬಿಲ್ಲೆಗಳು ಆಗುತ್ತವೆ.

ಗೆರಟೆಯ ದೀಪ: ತೆಂಗಿನ ಗೆರಟೆಯ (ಕೆಲವರು ಕರಟ ಎನ್ನುತ್ತೀರಿ) ನಾರನ್ನು ಗಾಜಿನ ಚೂರಿನಿಂದ ಹೆರೆದು, ಮರಳು ಕಾಗದದಿಂದ ಉಜ್ಜಿ, ಎರಡು ಹನಿ ತೆಂಗಿನೆಣ್ಣೆ ಸವರಿದರೆ ಕರಿಮರದ ಹಾಗೆ ಹೊಳೆಯುತ್ತದೆ. ಅಲುಗಾಡದಿರಲು ಒಂದು ಹಳೆಯ ಬಳೆಯ ಮೇಲೆ ಕೂರಿಸಿ. ಒಂದು ಎಚ್ಚರಿಕೆ: ಗೆರಟೆಗೇ ಎಣ್ಣೆ ಹಾಕಿ ಬತ್ತಿ ಹಚ್ಚಬೇಡಿ, ಅದು ಹೊತ್ತಿ ಉರಿಯುವ ವಸ್ತು. ಅರ್ಧದವರೆಗೆ ಮರಳು ತುಂಬಿ, ಮೇಲೆ ಮಣ್ಣಿನ ಹಣತೆ ಇಡಿ. ಕಾಗದದ ಸರ, ನೈಲಾನ್ ಸೆರಗು ಎರಡೂ ದೀಪದಿಂದ ಒಂದು ಮೊಳ ದೂರ ಇರಲಿ.

ಹೂವಿಗೆ ಅಂಗಡಿಗೆ ಓಡಬೇಕಾಗಿಲ್ಲ. ಈ ಊರುಗಳ ಗುಡ್ಡಗಳಲ್ಲಿ ಈ ಸಮಯಕ್ಕೆ ಕೇಪುಳದ ಕೆಂಪು ಗೊಂಚಲು ಸಿಗುತ್ತದೆ. ಗುಲಾಬಿಗಿಂತ ಏನು ಕಡಿಮೆ? ತೋಟ ಇದ್ದವರ ಹತ್ತಿರ ಒಂದು ಹಿಂಗಾರ ಕೇಳಿ. ಸಿಂಗಾರ ಎಂದೂ ಕರೆಯುವ ಈ ಅಡಿಕೆ ಹೂವಿನ ಹಾಳೆ ಬಿಚ್ಚಿದರೆ ಒಳಗೆ ಕೆನೆಬಣ್ಣದ ಭತ್ತದ ತೆನೆಯ ಹಾಗೆ ಎಳೆ ಎಳೆಯಾಗಿ ಚೆಲ್ಲುತ್ತದೆ. ನಾಗಪೂಜೆಗೆ, ದೈವದ ಕೋಲಕ್ಕೆ ಇದಿಲ್ಲದೆ ನಡೆಯದು. ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತೆಂದೇ ಲೆಕ್ಕ. ಆದ್ದರಿಂದ ಒಂದು ಸಾಕು! ಬಯಲುಸೀಮೆಯ ಓದುಗರಿಗೆ ಇದೇ ಕಾಲದಲ್ಲಿ ಬಿಡುವ ಮುತ್ತುಗದ ಹೂವಿದೆ.

ಮೂಡಬಿದಿರೆ: ಜೋಡಿ ಸೇರದ ಲೋಟಗಳಿಗೆ ಸಮಾಧಾನ

ಬೆಳ್ತಂಗಡಿಯ ಪಕ್ಕದ ಗುರುವಾಯನಕೆರೆಯಲ್ಲಿ ತಿರುಗಿ ವೇಣೂರಿಗೆ ಬಂದರೆ, ಫಲ್ಗುಣಿ ನದಿಯ ತೀರದಲ್ಲಿ 35 ಅಡಿಯ ಬಾಹುಬಲಿ ನಿಂತಿದ್ದಾನೆ. 1604ರಲ್ಲಿ ತಿಮ್ಮಣ್ಣ ಅಜಿಲ ಅರಸರು ನಿಲ್ಲಿಸಿದ ಮೂರ್ತಿ. 2024ರಲ್ಲಿ ಇಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಅಲ್ಲಿಂದ ಮುಂದೆ ಮೂಡಬಿದಿರೆ. ಮೂಡಣದ ಬಿದಿರು ಎಂದೇ ಊರಿನ ಹೆಸರು.

1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನೀವು ಹೋದಾಗ ಕಂಬಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ ಎಂಬುದೇ ಅದರ ಖ್ಯಾತಿ. ಆದರೂ ಇಡೀ ಮಂಟಪ ಒಂದೇ ರಾಗದಲ್ಲಿ ನಿಂತ ಹಾಗಿದೆ. ಮನೆಗೆ ಬಂದು ನಿಮ್ಮ ಕಪಾಟು ತೆರೆಯಿರಿ. ಆರು ಲೋಟದ ಸೆಟ್ಟಿನಲ್ಲಿ ನಾಲ್ಕೇ ಉಳಿದಿವೆ. ತಟ್ಟೆ ಒಂದು ದೊಡ್ಡದು, ಒಂದು ಚಿಕ್ಕದು. "ನೆಂಟರ ಎದುರು ಇಡುವುದು ಹೇಗೆ?" ಎಂದು ಸಂಕೋಚಪಡುತ್ತೀರಿ. ಸಂಕೋಚ ಬೇಡ. ಹಾಳೆಯ ತಟ್ಟೆಮಣೆ ಎಲ್ಲದರ ಅಡಿಗೂ ಒಂದೇ ರೀತಿ ಇದ್ದರೆ, ಮೇಲಿನ ತಟ್ಟೆಗಳು ಬೇರೆ ಬೇರೆ ಇದ್ದರೂ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಊರಿನಲ್ಲಿರುವ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂದು ತಮಾಷೆಯ ಕೆತ್ತನೆಯಿದೆ. ಒಂಬತ್ತು ಹೆಂಗಸರು ಕೂಡಿ ಒಂದು ಆನೆಯಾಗಿದ್ದಾರೆ, ಅದು ನವನಾರಿ ಕುಂಜರ. ಐವರು ಕೂಡಿ ಕುದುರೆಯಾದರೆ ಪಂಚನಾರಿ ತುರಗ. ಹೆಂಗಸರು ಸೇರಿದರೆ ಆನೆಯೂ ಆದೀತು ಎಂದು ಶಿಲ್ಪಿ ಹೇಳಿದನೋ ಏನೋ! ನಾವು ಅದರಿಂದ ಕಲಿಯುವುದು ಇಷ್ಟು: ಚೂರುಗಳನ್ನು ಜೋಡಿಸಿದರೆ ದೊಡ್ಡ ರೂಪ ಬರುತ್ತದೆ. ಹರಿದ ಹತ್ತಿ ಸೀರೆಗಳ ಅಂಚುಗಳನ್ನು ಕತ್ತರಿಸಿ, ಮೂರು ನಾಲ್ಕು ಅಂಚನ್ನು ಪಕ್ಕಪಕ್ಕ ಹೊಲಿಯಿರಿ. ನಾಲ್ಕು ಅಡಿಯ ಮೇಜಿಗೆ ಐದು ಅಡಿ ಉದ್ದ, ಒಂದು ಅಡಿ ಅಗಲದ ಪಟ್ಟಿ ಸರಿಹೋಗುತ್ತದೆ. ಎರಡೂ ಕಡೆ ಅರ್ಧ ಅಡಿ ಇಳಿಬೀಳುತ್ತದೆ. ನಿಮ್ಮ ಧಾರೆ ಸೀರೆಯ ಅಂಚು ಜೀರ್ಣವಾಗಿ ಪೆಟ್ಟಿಗೆಯಲ್ಲಿದ್ದರೆ ಅದೇ ನಡುವೆ ಬರಲಿ. ಮೇಜಿಲ್ಲದವರು ಚಾಪೆಯ ನಡುವೆ ಹಾಸಿ, ಅದೂ ಅಷ್ಟೇ ಚಂದ.

ಹೃದಯ ಎಲ್ಲಿ?

ಕೆಂಪು ಕಾಗದದಲ್ಲಿ ಹೃದಯ ಕತ್ತರಿಸುವುದಕ್ಕೆ ಹೋಗಬೇಡಿ. ಅದೇ ಆಕಾರ ನಮ್ಮ ಬಳ್ಳಿಯಲ್ಲೇ ಬೆಳೆಯುತ್ತದಲ್ಲ! ವೀಳ್ಯದೆಲೆಯನ್ನು ಕೈಯಲ್ಲಿ ಹಿಡಿದು ನೋಡಿ. ನಿಶ್ಚಿತಾರ್ಥದಲ್ಲಿ ಎರಡು ಮನೆಯವರು ಬದಲಿಸಿಕೊಂಡದ್ದು ಇದನ್ನೇ ಅಲ್ಲವೇ? ಪ್ರತಿ ತಟ್ಟೆಯ ಪಕ್ಕ ಒಂದು ಎಲೆ, ಅದರ ಮೇಲೆ ಒಂದು ಕೇಪುಳದ ಗೊಂಚಲು ಇಡಿ. ಊಟವಾದ ಮೇಲೆ ಎಲೆ ಹಾಕಿಕೊಳ್ಳುವವರಿಗೆ ಅದೇ ತಾಂಬೂಲ.

ಅರಳಿ ಎಲೆಯದ್ದೂ ಅದೇ ಆಕಾರ. ಬಲಿತ ಎಲೆಗಳನ್ನು ಮೂರು ನಾಲ್ಕು ವಾರ ನೀರಿನಲ್ಲಿ ನೆನೆಹಾಕಿ, ಆಗಾಗ ನೀರು ಬದಲಿಸಿ. ಹಸಿರು ಕೊಳೆತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಜರಡಿಯಂಥ ನರಗಳು ಮಾತ್ರ ಉಳಿಯುತ್ತವೆ. ಪುಸ್ತಕದ ನಡುವೆ ಒಣಗಿಸಿ, ಖಾಲಿ ಹಾರ್ಲಿಕ್ಸ್ ಬಾಟಲಿಗೆ ಗಂಜಿಯಿಂದ ಅಂಟಿಸಿ. ಒಳಗೆ ಚೆನ್ನೆಮಣೆ ಆಟದ ಕೆಂಪು ಮಂಜೊಟ್ಟಿ ಬೀಜ ತುಂಬಿ ಮುಚ್ಚಳ ಹಾಕಿಟ್ಟರೆ ಮೇಜಿಗೆ ಅದೇ ಒಡವೆ. ಗುಲಗಂಜಿ ಮಾತ್ರ ಬೇಡವೇ ಬೇಡ, ಅದು ವಿಷ. ಮನೆಯಲ್ಲಿ ಮಕ್ಕಳಿರುತ್ತಾರೆ.

ಅಲಂಕಾರವೇ ಪಾತ್ರೆ: ಕೊಟ್ಟೆ ಕಡುಬು

ಮೇಜು ಸಿದ್ಧವಾಯಿತು, ತಿನ್ನುವುದಕ್ಕೆ? ಈ ಮೂರೂ ಊರುಗಳಿಗೆ ಪ್ರಿಯವಾದ ಕೊಟ್ಟೆ ಕಡುಬು ಮಾಡಿ. ಒಂದು ಲೋಟ ಉದ್ದಿನ ಬೇಳೆಯನ್ನು ನಾಲ್ಕು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ತೊಳೆದು ಹಿಂಡಿದ ಎರಡು ಲೋಟ ಅಕ್ಕಿ ರವೆ, ಉಪ್ಪು ಸೇರಿಸಿ ರಾತ್ರಿಯಿಡೀ ಹುಳಿ ಬರಲು ಬಿಡಿ. ನಾಲ್ಕು ಹಲಸಿನ ಎಲೆಗಳನ್ನು ಅಧಿಕ ಚಿಹ್ನೆಯಂತೆ ಜೋಡಿಸಿ, ನಡುವೆ ಗರಿಕಡ್ಡಿಯ ಚೂರು ಚುಚ್ಚಿ, ಬದಿಗಳನ್ನು ಎತ್ತಿ ಮತ್ತೆ ಚುಚ್ಚಿದರೆ ಕೊಟ್ಟೆ. ಮುಕ್ಕಾಲು ಭಾಗ ಹಿಟ್ಟು ಹೊಯ್ದು 35ರಿಂದ 40 ನಿಮಿಷ ಹಬೆಯಲ್ಲಿ ಬೇಯಿಸಿ. ಕೊಟ್ಟೆಯೊಂದಿಗೇ ತಟ್ಟೆಗೆ ಇಡಿ. ತೆಂಗಿನಕಾಯಿ ಚಟ್ನಿ ಜತೆಗಿರಲಿ. ಹಲಸಿನ ಎಲೆಯ ಪರಿಮಳ ಇಡೀ ಮನೆಗೆ ಹಬ್ಬುತ್ತದೆ.

ಇದನ್ನೇ ಯಾಕೆ ಹೇಳಿದೆ ಗೊತ್ತೇ? ದೋಸೆಯಾದರೆ ನೀವು ಕಾವಲಿಯ ಮುಂದೆಯೇ ನಿಂತಿರಬೇಕು. ಎಲ್ಲರದ್ದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದು ನಿಮಗೆ. ಎಷ್ಟು ವರ್ಷ ಹೀಗೆ ನಿಂತೇ ಕಳೆದಿದ್ದೀರಿ? ಕಡುಬು ಹಾಗಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಕೂರಬಹುದು. ಬಡಿಸುವ ಕೆಲಸ ಅಂದು ಮಕ್ಕಳದ್ದೋ ಯಜಮಾನರದ್ದೋ ಆಗಲಿ. ಮೊದಲು ಸ್ವಲ್ಪ ಗೊಣಗಾಟ ಕೇಳಿಸೀತು, ನಗುತ್ತಾ ಕೂತೇ ಇರಿ. ನಿಮ್ಮ ಹೆಸರಿನ ಚೀಟಿ ಇಟ್ಟ ಜಾಗ ಖಾಲಿಯಿದ್ದರೆ ಕಾಗದದ ಮಣಿಸರ, ಗೆರಟೆಯ ದೀಪ ಎಲ್ಲ ಮಾಡಿಯೂ ಏನು ಬಂತು ಹೇಳಿ?

ಹಾಳೆ, ಗೆರಟೆ, ಬಾಟಲಿ, ಸೀರೆಯಂಚುಗಳನ್ನು ಕೆಲಸ ಮುಗಿದ ಮೇಲೆ ಒರೆಸಿ, ಒಂದು ಡಬ್ಬಿಯಲ್ಲಿ ಎರಡು ಕರ್ಪೂರದ ತುಂಡಿನೊಂದಿಗೆ ಎತ್ತಿಡಿ. ಯುಗಾದಿಗೂ ಬಂತು, ಮಗಳ ಹುಟ್ಟುಹಬ್ಬಕ್ಕೂ ಬಂತು. ಮುಂದಿನ ಸಲ ಧರ್ಮಸ್ಥಳದ ಬಸ್ಸು ಹತ್ತಿದಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಮೂಡಬಿದಿರೆಯ ಕಂಬಗಳನ್ನೂ ಚೌಟರ ಅರಮನೆಯ ಆ ಒಂಬತ್ತು ಮಂದಿ ಅಕ್ಕತಂಗಿಯರನ್ನೂ ನೋಡಿ ಬನ್ನಿ.