ಶಿರಾದ ಕೋಟೆಯಲ್ಲಿ ಅಪ್ಪ

ವಸಂತನರಸಾಪುರದ ನಮ್ಮ ಹೊಲ ಕಾರ್ಖಾನೆಗಳ ಪಾಲಾದ ವರ್ಷ, ಅಪ್ಪನಿಗೆ ಮನೆಯಲ್ಲಿ ಕುಳಿತು ಬೇಸರವಾಗಿತ್ತು. ಒಂದು ದಿನ ಅವನನ್ನು ಕರೆದುಕೊಂಡು ಶಿರಾ ಬಸ್ಸು ಹತ್ತಿದೆ.

ಗಡಿನಾಡಿನ ಪುಟ್ಟ ಸಂಸ್ಥಾನಗಳ ಕಥೆ ನನಗೆ ಹಳೆಯ ಹುಚ್ಚು. ಅನಟೋಲಿಯಾದ ಗಡಿಯಲ್ಲಿ 1300ರ ಸುಮಾರಿಗೆ ಉಸ್ಮಾನನೆಂಬ ತುರ್ಕಿ ನಾಯಕನದು ಅಂಗೈಯಗಲದ ರಾಜ್ಯ. ಅದು ಸಾಮ್ರಾಜ್ಯವಾಯಿತು, ನೆರೆಯ ಕರಾಸಿ, ಗೆರ್ಮಿಯಾನ್ ಅದರ ಹೊಟ್ಟೆಗೆ ಸೇರಿದವು. ಬಿಜಾಪುರದ ಮೊದಲ ದೊರೆ ಯೂಸುಫನು ಆ ಉಸ್ಮಾನನ ವಂಶದವನೇ ಎಂದು ಫೆರಿಷ್ತಾ ಬರೆದಿದ್ದಾನೆ. ನಂಬುವುದು ಬಿಡುವುದು ಓದುಗರ ಚಿತ್ತ!

ಆ ಬಿಜಾಪುರದ ಸೇನೆಯೇ ಶಿರಾಕ್ಕೂ ಬಂದದ್ದು. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ ಕೋಟೆಗೆ ಕೈಹಚ್ಚಿದ್ದ. ಮುಗಿಯುವ ಮುನ್ನವೇ, 1638ರಲ್ಲಿ, ರಣದುಲ್ಲಾ ಖಾನ್ ಅದನ್ನು ಕಿತ್ತುಕೊಂಡ. ಕಟ್ಟಲು ತೊಡಗಿದವನೊಬ್ಬ, ಮುಗಿಸಿದವನೊಬ್ಬ. 1687ರಲ್ಲಿ ಮೊಗಲರು ಬಂದರು. ಬಸವಾಪಟ್ಟಣ, ಬೂದಿಹಾಳ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಶಿರಾ ಸೇರಿ ಏಳು ಪರಗಣೆಗಳಿಗೆ ಇದೇ ರಾಜಧಾನಿ. ಮೊದಲ ಫೌಜುದಾರ ಖಾಸಿಂ ಖಾನ್ ದೊಡ್ಡೇರಿಯಲ್ಲಿ ಮರಾಠರ ಮುತ್ತಿಗೆಗೆ ಸಿಕ್ಕು ಸತ್ತ. ಎಂಟು ಹತ್ತು ಜನ ನವಾಬರು ಬಂದುಹೋದರು. ಅವರಲ್ಲಿ ದಿಲಾವರ್ ಖಾನನೊಬ್ಬನನ್ನು ಮಾತ್ರ ನಾನು ಮೆಚ್ಚುತ್ತೇನೆ; ಬಹುಕಾಲ ಒಂದೇ ಕಡೆ ನಿಂತ. ಅವನ ಕಾಲಕ್ಕೆ ಊರಿನಲ್ಲಿ ಐವತ್ತು ಸಾವಿರ ಮನೆಗಳಿದ್ದವಂತೆ. ಅವನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವೆಂದೂ, ಇಲ್ಲಿಯ ಖಾನ್‌ಬಾಗನ್ನು ನೋಡಿಯೇ ಲಾಲ್‌ಬಾಗ್ ಹುಟ್ಟಿತೆಂದೂ ಹೇಳುತ್ತಾರೆ.

1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಗಡಿ ಆಚೆ ಸರಿಯಿತು, ಶಿರಾಕ್ಕೆ ಕೆಲಸವಿಲ್ಲದಾಯಿತು. ಶ್ರೀರಂಗಪಟ್ಟಣದ ಬಳಿ ಗಂಜಾಂ ಪೇಟೆಯನ್ನು ತುಂಬಲು ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಟಿಪ್ಪು ಎಬ್ಬಿಸಿ ಒಯ್ದನೆಂದು ಪ್ರತೀತಿ.

ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ನೋಡಿಕೊಂಡು ಕೋಟೆಯ ಕಂದಕದ ಬಳಿ ಕುಳಿತು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸುಲ್ತಾನರು, ನವಾಬರು ಅವನ ಕಿವಿಯಲ್ಲಿ ನಿಂತಂತೆ ಕಾಣಲಿಲ್ಲ. ಎಲೆಯಡಿಕೆ ಹಾಕಿಕೊಂಡು, ಬಹಳ ಹೊತ್ತಿನ ಮೇಲೆ ಕೇಳಿದ:

"ಹನ್ನೆರಡು ಸಾವಿರ ಮನೆಯೋರು ಅಂದೆಯಲ್ಲ, ಎತ್ತುಗಳನ್ನೂ ಹೊಡ್ಕೊಂಡು ಹೋದರೇನೋ?"

ನಮ್ಮ ಜೋಡಿಯನ್ನು ಮಾರಿ ಆಗ ಎಂಟು ತಿಂಗಳಾಗಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.